ಋಣ, ದಯೆ ಮತ್ತು ಗ್ರಾಮೀಣ ಬ್ಯಾಂಕು

1954ರಲ್ಲಿ ಪ್ರಕಟವಾದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿಯು ಕಟುಸತ್ಯವೊಂದನ್ನು ದೇಶದ ಮುಂದಿಟ್ಟಿತು. ರೈತನು ಪಡೆಯುತ್ತಿದ್ದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಶೇಕಡಾ 3ರ ಆಸುಪಾಸಿನಲ್ಲಿದ್ದರೆ, ಲೇವಾದೇವಿಗಾರರ ಪಾಲು ಮೂರರಲ್ಲಿ ಎರಡು ಭಾಗಕ್ಕೂ ಮಿಗಿಲಾಗಿತ್ತು. ಆ ಲೇವಾದೇವಿಗಾರರಲ್ಲಿ ಜೈನ ಗೃಹಸ್ಥರೂ ಇದ್ದರೆಂಬುದನ್ನು ಮರೆಮಾಚುವುದು ಸತ್ಯಾಣುವ್ರತಕ್ಕೆ ಹೊಂದದು.

ಆ ವರದಿಯ ಫಲವಾಗಿ 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಾಯಿತು. ಐದು ವರ್ಷಗಳಲ್ಲಿ 400 ಶಾಖೆಗಳನ್ನು ತೆರೆಯುವ ಹೊಣೆ ಅದಕ್ಕೆ ಬಂದಿತು. 1975ರ ಗಾಂಧಿ ಜಯಂತಿಯಂದು ಮೊದಲ ಐದು ಗ್ರಾಮೀಣ ಬ್ಯಾಂಕುಗಳು ಹುಟ್ಟಿದವು. ಬಂಡವಾಳದಲ್ಲಿ ಕೇಂದ್ರದ್ದು ಶೇಕಡಾ 50, ರಾಜ್ಯದ್ದು 15, ಪ್ರಾಯೋಜಕ ಬ್ಯಾಂಕಿನದು 35.

ಲೇವಾದೇವಿಗಾರರೆಲ್ಲರೂ ಕ್ರೂರಿಗಳಾಗಿರಲಿಲ್ಲ. ಬರಗಾಲದಲ್ಲಿ ಬಡ್ಡಿ ಬಿಟ್ಟವರಿದ್ದರು, ಸಾಲಗಾರನ ಮಗಳ ಮದುವೆಗೆ ಕೈಯಾಸರೆಯಾದವರಿದ್ದರು. ಆದರೆ ಆ ದಯೆ ಕೊಡುವವನ ಇಚ್ಛೆಗೆ ಕಟ್ಟುಬಿದ್ದುದು. ಬೇಡುವವನಿಗೆ ಅದರ ಮೇಲೆ ಹಕ್ಕಿರಲಿಲ್ಲ. ಸರ್ಕಾರಿ ಬ್ಯಾಂಕು ಇಚ್ಛೆಯ ಸ್ಥಾನದಲ್ಲಿ ನಿಯಮವನ್ನಿರಿಸಿತು. ನಿಯಮವಾದರೋ ಪಹಣಿಯನ್ನು ಕೇಳುತ್ತದೆ. ಪಹಣಿಯೇ ಇಲ್ಲದ ಕೂಲಿಕಾರನು ಮತ್ತೆ ಹಳೆಯ ಬಾಗಿಲನ್ನೇ ತಟ್ಟಬೇಕಾಗುತ್ತದೆ.

ಇನ್ನೊಂದು ತೊಡಕು ಸಾಲಮನ್ನಾದ್ದು. 1990ರಲ್ಲಿ ಕೇಂದ್ರ ಸರ್ಕಾರವು ಬಾಕಿಯುಳಿದ ಕೃಷಿಸಾಲವನ್ನು 10,000 ರೂಪಾಯಿಗಳವರೆಗೆ ಮನ್ನಾ ಮಾಡಿತು. ನೊಂದವನ ಹೊರೆ ಇಳಿದುದು ಸಂತೋಷವೇ. ಆದರೆ ದಾನವೆಂಬುದು ಸ್ವಂತದ್ದರ ತ್ಯಾಗ. ಬೊಕ್ಕಸದ ಹಣವನ್ನು ಬಿಟ್ಟುಕೊಟ್ಟವರು ಯಾವುದನ್ನು ತ್ಯಜಿಸಿದಂತಾಯಿತು? ಒಪ್ಪತ್ತುಂಡು ಅವಧಿಗೆ ಸರಿಯಾಗಿ ತೀರಿಸಿದವನಿಗೆ ಅದರಿಂದ ಏನೂ ದೊರೆಯಲಿಲ್ಲ. ಶಕ್ತಿಯಿದ್ದೂ ಮುಂದಿನ ಮನ್ನಾಕ್ಕಾಗಿ ಕಾಯುವವನು ಯಾರದೋ ಠೇವಣಿಯನ್ನು ತಡೆಹಿಡಿದವನು. ಅದು ಅಚೌರ್ಯವ್ರತಕ್ಕೆ ತಗಲುವ ದೋಷವೇ ಸರಿ. ಮಳೆ ಕೈಕೊಟ್ಟು ಕಟ್ಟಲಾಗದವನನ್ನು ಅದೇ ಸಾಲಿನಲ್ಲಿ ನಿಲ್ಲಿಸುವುದು ಮಾತ್ರ ಹಿಂಸೆಯಾದೀತು. ಇವರಿಬ್ಬರನ್ನೂ ಬೇರ್ಪಡಿಸಿ ನೋಡುವ ಕಣ್ಣು ಕಾಗದಕ್ಕಿಲ್ಲ, ಊರನ್ನು ಬಲ್ಲ ಶಾಖಾಧಿಕಾರಿಗಿದೆ. ಆತನನ್ನು ಮೂರು ವರ್ಷಕ್ಕೊಮ್ಮೆ ವರ್ಗ ಮಾಡಿದರೆ ಆ ಕಣ್ಣೂ ಮುಚ್ಚುತ್ತದೆ.

2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ, ಬಳ್ಳಾರಿಯನ್ನು ಕೇಂದ್ರವಾಗುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕು ರೂಪುಗೊಂಡಿತು. ಸಂಸ್ಥೆ ದೊಡ್ಡದಾದಷ್ಟೂ ಊರಿನ ಪರಿಚಯ ದೂರವಾಗುವ ಭಯ ನಿರಾಧಾರವಲ್ಲ.

ಈ ವಿಚಾರವು ಬಸದಿಗಳ ಟ್ರಸ್ಟುಗಳಿಗೂ ಹೊರತಲ್ಲ. ದೇವದ್ರವ್ಯವನ್ನು ಠೇವಣಿಯಿಡುವಾಗ ಆಡಳಿತ ಮಂಡಳಿಯು ಬಡ್ಡಿದರವನ್ನೂ ಭದ್ರತೆಯನ್ನೂ ವಿಚಾರಿಸುತ್ತದೆ. ಅದು ಅದರ ಧರ್ಮ. ಆದರೆ ಆ ಹಣ ಮುಂದೆ ಯಾರ ಕೈ ಸೇರುತ್ತದೆ, ಬಸದಿಯ ನೆರೆಹೊಲದವನಿಗೆ ಬೀಜಗೊಬ್ಬರವಾಗುತ್ತದೆಯೇ, ದೂರದ ನಗರದ ಕಟ್ಟಡವಾಗುತ್ತದೆಯೇ ಎಂಬ ಪ್ರಶ್ನೆ ಎಷ್ಟು ಟ್ರಸ್ಟುಗಳ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ?