72 ಗಂಟೆಯ ಗೆರೆ

ದೊಡ್ಡಾಸ್ಪತ್ರೆಯಲ್ಲಿ ಹಸುಗೂಸು ನಂಜೇರಿ ಸತ್ತರೆ, ಆ ನಂಜು ಯಾರದು? ನಮ್ಮ ಜನ ಹೀಗೆ ಕೇಳೋದಿಲ್ಲ. ಶಿವ ಕೊಟ್ಟ, ಶಿವ ಕಿತ್ಕೊಂಡ ಅಂತ ಮಣ್ಣು ಮಾಡಿ ಬರುತ್ತೇವೆ. ಹೆಸರಿಡುವ ಮೊದಲೇ ಹೋದ ಕೂಸು ರಿಜಿಸ್ಟರಿನಲ್ಲೂ 'ಇಂಥವಳ ಮಗು' ಅಷ್ಟೇ.

ವೈದ್ಯಶಾಸ್ತ್ರ ಮಾತ್ರ ಉತ್ತರ ಇಟ್ಟುಕೊಂಡಿದೆ. ಹುಟ್ಟಿದ 72 ಗಂಟೆಯೊಳಗೆ ನಂಜು ಕಾಣಿಸಿದರೆ ತಾಯಿಯಿಂದ ಬಂದದ್ದು; ಆಮೇಲೆ ಕಾಣಿಸಿದರೆ ಹೊರಗಿನದು, ಅಂದರೆ ವಾರ್ಡಿನದು. ಲೆಕ್ಕಕ್ಕೆ ಒಂದು ಗೆರೆ ಬೇಕು, ಒಪ್ಪೋಣ. ಆದರೆ ಗೆರೆ ಎಳೆದವರು ಯಾರು, ಅದರ ಆಚೆ ಬಿದ್ದವರು ಯಾರು ಅನ್ನೋದು ಕೇರಿಯಲ್ಲಿ ಹುಟ್ಟಿದ ನಮಗೆ ಹೊಸ ಪ್ರಶ್ನೆಯಲ್ಲ.

2011ರಿಂದ 2014ರವರೆಗೆ ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ, ಅಲ್ಲೇ ಹುಟ್ಟಿ ತೀವ್ರ ನಿಗಾ ಘಟಕ ಸೇರಿದ 13,530 ಕೂಸುಗಳನ್ನು ಗಮನಿಸಿ ಲೆಕ್ಕವಿಟ್ಟರು. ಅದು 2016ರಲ್ಲಿ ಅಚ್ಚಾಯಿತು. ನೂರಕ್ಕೆ 14 ಕೂಸುಗಳಿಗೆ ನಂಜು. ಅದರಲ್ಲಿ ಮೂರರಲ್ಲಿ ಎರಡು ಪಾಲು 72 ಗಂಟೆಯೊಳಗೇ! ಪುಸ್ತಕದ ಪ್ರಕಾರ ಅಪರಾಧಿ ತಾಯಿ. ಆದರೆ ರಕ್ತದಲ್ಲಿ ಹೆಚ್ಚಾಗಿ ಸಿಕ್ಕಿದ್ದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ. ಆಸ್ಪತ್ರೆಯ ನಲ್ಲಿ, ನಳಿಕೆ, ಕೈಗಳಲ್ಲಿ ಬೇರುಬಿಟ್ಟು, ಔಷಧಿಗೆ ಬಗ್ಗದೆ ಕೊಬ್ಬಿದ ಕ್ರಿಮಿಗಳು. ಗೆರೆಯ ಈಚೆಗೂ ಅವೇ, ಆಚೆಗೂ ಅವೇ. ಹಾಗಾದರೆ ಹೆರಿಗೆ ಕೋಣೆಯಲ್ಲೇ ಅಂಟಿದ್ದನ್ನು ತಾಯಿಯ ಖಾತೆಗೆ ಬರೆದದ್ದೆಷ್ಟು? ಬಾಣಂತಿಯನ್ನು ಮೈಲಿಗೆ ಅಂದ ಊರಿಗೂ ಈ ಲೆಕ್ಕಕ್ಕೂ ಎಷ್ಟು ದೂರ?

ಕೈ ಕೊಳೆ ಅಂದರೆ ದೊಡ್ಡವರಿಗೆ ಸಿಟ್ಟು ಬರೋದು ಇವತ್ತಿನದಲ್ಲ. ಹೆಣ ಕುಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದ ವಿಯೆನ್ನಾದ ವೈದ್ಯರಿಗೆ 1847ರಲ್ಲಿ ಸೆಮ್ಮೆಲ್‌ವೈಸ್ ಕ್ಲೋರಿನ್ ನೀರಲ್ಲಿ ಕೈ ತೊಳೀರಿ ಅಂದ. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಬಾಣಂತಿಯರ ಸಾವು ಜೂನ್‌ಗೆ 2ರ ಆಸುಪಾಸಿಗೆ ಇಳಿಯಿತು. ಆದರೂ ಬಹಳ ಮಂದಿ ವೈದ್ಯರು ಅವನನ್ನು ನಂಬಲಿಲ್ಲ. (ಸತ್ತ ದನ ಹೊತ್ತ ನಮ್ಮ ಅಪ್ಪಂದಿರ ಕೈ ಮಾತ್ರ ಯಾರ ಪರೀಕ್ಷೆಯೂ ಇಲ್ಲದೆ ಮೈಲಿಗೆಯಾಯಿತು!)

ಈಗ ಲೆಕ್ಕ ಬಂತು ಅಂತಿಟ್ಟುಕೊಳ್ಳಿ. ಮೊದಲು ಯಾರ ಕುತ್ತಿಗೆಗೆ? ಗುತ್ತಿಗೆ ಮೇಲೆ ನೆಲ ಒರೆಸುವ ಆಯಾಳಿಗೆ. ನಲ್ಲಿಯಲ್ಲಿ ನೀರಿಲ್ಲ, ಒಂದು ಬೆಚ್ಚನೆ ತೊಟ್ಟಿಲಿಗೆ ಎರಡು ಕೂಸು, ರಾತ್ರಿ ಇಡೀ ವಾರ್ಡಿಗೆ ಒಬ್ಬ ನರ್ಸು ಅನ್ನೋದು ಮೆಮೋದಲ್ಲಿ ಬರೋದಿಲ್ಲ. ಲೆಕ್ಕ ಬೇಕಾದದ್ದು ಇವುಗಳದ್ದು. ಒಬ್ಬಳ ತಲೆ ಉರುಳಿಸೋದಕ್ಕಲ್ಲ.

ಗೆಳೆಯರೇ, ಒಂದು ಕಷ್ಟ ನಮ್ಮ ಪಾಲಿನದೂ ಇದೆ. ಪ್ರಾಮಾಣಿಕವಾಗಿ ಎಣಿಸಿದ ವಾರ್ಡಿನ ಅಂಕಿ ದೊಡ್ಡದಾಗಿ ಕಾಣುತ್ತೆ. ಎಣಿಸದ ವಾರ್ಡು ಮಡಿಯುಟ್ಟು ಕೂತಿರುತ್ತೆ. ದೊಡ್ಡ ಅಂಕಿ ಕಂಡ ಕೂಡಲೇ ಆ ಬಾಗಿಲಿಗೇ ಹೋಗಿ ಧಿಕ್ಕಾರ ಕೂಗಿದೆವೋ, ಮರುದಿನವೇ ಆ ರಿಜಿಸ್ಟರು ಬೀರು ಸೇರುತ್ತೆ. ಮೊದಲು ಹೋಗಿ ಕೂರಬೇಕಾದದ್ದು ಅಂಕಿಯೇ ಇಲ್ಲದ ಆಸ್ಪತ್ರೆಯ ಮುಂದೆ. ಈ ತಿಂಗಳು ಎಷ್ಟು ಕೂಸು ಹುಟ್ಟಿದವು, ಎಷ್ಟಕ್ಕೆ ನಂಜಾಯಿತು, ಎಷ್ಟನೆಯ ಗಂಟೆಗೆ, ಯಾವ ಕ್ರಿಮಿ, ಬರೆದು ಗೋಡೆಗೆ ಅಂಟಿಸಿ ಅಂತ.