ಪತ್ತು ಹೋದರೆ ಮಾನ ಹೋಯಿತೇ?



ಹಳೆಯ ಸಾಲ ತೀರಿಸಲು ಹೊಸ ಸಾಲ ಕೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಮಾರ್ಚ್ ತಿಂಗಳು ಸಮೀಪಿಸಿತೆಂದರೆ ಊರೂರಿನ ವಿಕಾಸ ಸೊಸಾಯಿಟಿಗಳಲ್ಲಿ 'ನವೆ-ಜುನೆ' ಎಂಬ ಮಾತು ಕೇಳಿಬರುತ್ತದೆ. ಎಲ್ಲಿಂದಲೋ ಹಣ ತಂದು ಹಳೆಯ ಬಾಕಿ ತುಂಬುವುದು, ಕೆಲವೇ ದಿನಗಳಲ್ಲಿ ಅದೇ ಖಾತೆಯ ಮೇಲೆ ಮತ್ತೆ ಸಾಲ ಎತ್ತುವುದು. ಇದೇ ವ್ಯವಹಾರ ಈಗ ಇನ್ನೊಂದು ವೇಷ ತೊಟ್ಟು ಬಂದಿದೆ. ಪುಣೆ, ಸಾಂಗಲಿ, ಸೊಲ್ಲಾಪುರಗಳಲ್ಲಿ ನೌಕರಿಗಿರುವ ನಮ್ಮ ತರುಣರ ಕಿಸೆಯಲ್ಲಿ ಕ್ರೆಡಿಟ್ ಕಾರ್ಡುಗಳಿವೆ. ಒಂದು ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ ಇನ್ನೊಂದು ಕಾರ್ಡಿಗೆ ಸಾಗಿಸುವುದಕ್ಕೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎನ್ನುತ್ತಾರೆ. ಅದಕ್ಕಾಗಿ ಅರ್ಜಿ ಹಾಕಿದಾಗ ಬ್ಯಾಂಕು 'ಇಲ್ಲ' ಎಂದರೆ ಮುಂದೇನು? ಇದು ಬರೀ ಲೆಕ್ಕದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆಯೂ ಆಗಿರುವುದರಿಂದ ಇಲ್ಲಿ ವಿಚಾರಿಸುತ್ತಿದ್ದೇವೆ.

ಮೊದಲು ಒಂದು ಶಬ್ದವನ್ನು ನೋಡೋಣ. ಮರಾಠಿಯಲ್ಲಿ 'ಪತ' ಎಂದರೆ ಸಾಲ ಸಿಗುವ ಯೋಗ್ಯತೆಯೂ ಹೌದು, ನಾಲ್ಕು ಜನರಲ್ಲಿರುವ ಮಾನವೂ ಹೌದು. ಅವರು 'ಪತಸಂಸ್ಥಾ' ಎನ್ನುವುದನ್ನು ನಾವು 'ಪತ್ತಿನ ಸಂಘ' ಎನ್ನುತ್ತೇವೆ. ಎರಡೂ ಭಾಷೆ ಆಡುವ ಉಮದಿ, ಸಂಖ, ಮಾಡಗ್ಯಾಳ ಭಾಗದ ನಮಗೆ ಈ ಎರಡು ಅರ್ಥಗಳು ಬೆರೆತು ಒಂದೇ ಆಗಿವೆ. ಆದ್ದರಿಂದಲೇ ಅರ್ಜಿ ತಿರಸ್ಕೃತವಾದವನು ಮಾನವೇ ಹೋದಂತೆ ತಲೆ ತಗ್ಗಿಸುತ್ತಾನೆ. ಮನೆಯಲ್ಲಿ ಹೇಳುವುದಿಲ್ಲ, ಗೆಳೆಯರಿಗೆ ತಿಳಿಸುವುದಿಲ್ಲ. ಮುಂದಿನ ಅನರ್ಥಗಳೆಲ್ಲ ಈ ಮುಚ್ಚಿಡುವಿಕೆಯಿಂದಲೇ ಹುಟ್ಟುತ್ತವೆ.

ಹಾಗಾದರೆ ಬ್ಯಾಂಕು ನಿಜವಾಗಿ ಹೇಳಿದ್ದೇನು? ಭಾರತದಲ್ಲಿ 2000ನೆಯ ಇಸವಿಯಲ್ಲಿ ಸಿಬಿಲ್ ಸಂಸ್ಥೆ ಸ್ಥಾಪನೆಯಾಯಿತು. ಇಂದು ಅಂಥ ನಾಲ್ಕು ಸಂಸ್ಥೆಗಳು ಸಾಲಗಾರರ ಲೆಕ್ಕ ಇಡುತ್ತವೆ. ಸಿಬಿಲ್ ಕೊಡುವ ಅಂಕ 300ರಿಂದ 900ರವರೆಗೆ ಇರುತ್ತದೆ. ಹಪ್ತೆ ಯಾವಾಗ ತಪ್ಪಿತು ಎಂಬುದು ಅದರಲ್ಲಿ ಬರುತ್ತದೆ. ಏಕೆ ತಪ್ಪಿತು ಎಂಬುದು ಬರುವುದಿಲ್ಲ. ಮಳೆ ಹೋಯಿತೋ, ದಾಳಿಂಬೆಗೆ ರೋಗ ಬಿದ್ದಿತೋ, ತಾಯಿಯ ಆಸ್ಪತ್ರೆಯ ಖರ್ಚೋ, ಹಠಕ್ಕೆ ಬಿದ್ದು ಮಾಡಿದ ಮದುವೆಯ ಆಡಂಬರವೋ, ಎಲ್ಲವೂ ಅಲ್ಲಿ ಒಂದೇ. ಇಷ್ಟು ಅಲ್ಪವನ್ನು ಬಲ್ಲ ಅಂಕವು ಮನುಷ್ಯನ ಯೋಗ್ಯತೆಯನ್ನು ತೂಗಲಾರದು. ಆದರೆ ಅದು ಸುಳ್ಳೆಂದು ಎಸೆಯುವಂತೆಯೂ ಇಲ್ಲ. 'ಈಗಿರುವ ಆದಾಯಕ್ಕೆ ಈಗಿರುವ ಸಾಲವೇ ಭಾರ' ಎಂಬ ಸೂಚನೆ ಆ ನಿರಾಕರಣೆಯಲ್ಲಿ ಇರಬಹುದು. ಆ ಮಾತನ್ನು ನಮ್ಮವರೇ ಹೇಳಿದ್ದರೆ ನಾವು ಹಿತವಚನವೆಂದು ಕೇಳುತ್ತಿದ್ದೆವು.

ಹಿಂದೆ ನಮ್ಮವರೇ ಹೇಳುತ್ತಿದ್ದರು ಕೂಡ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರಿ ಸಂಘ ಕಟ್ಟಿದರು. 1904ರ ಕಾಯಿದೆಯ ಪ್ರಕಾರ ಅಂದಿನ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬನ ಬಾಕಿಗೆ ಎಲ್ಲರೂ ಬಾಧ್ಯರು. ಅಂಥಲ್ಲಿ ಸಾಲ ಬೇಡವೆನ್ನುವವನು ಪಕ್ಕದ ಹೊಲದವನೇ. ಅವನ ನಿರಾಕರಣೆಯಲ್ಲಿ ತನ್ನ ಹೊಲದ ಕಾಳಜಿಯ ಜೊತೆಗೆ ಕೇಳಿದವನ ಕಾಳಜಿಯೂ ಇರುತ್ತಿತ್ತು. ಇಂದು 'ಇಲ್ಲ' ಎನ್ನುವುದು ಮುಖವಿಲ್ಲದ ಯಂತ್ರ. ಅದರಲ್ಲಿ ಕಾಳಜಿ ಇಲ್ಲದಿರಬಹುದು, ಆದರೂ ಅದರ ಮಾತಿನಲ್ಲಿ ನಮಗೆ ಬೇಕಾದ ತಿಳಿವಳಿಕೆ ಇದೆ.

ಕಡಿಮೆ ಬಡ್ಡಿ ಬಯಸಿದ್ದು ತಪ್ಪೇ? ಖಂಡಿತ ಅಲ್ಲ. ಉದಾಹರಣೆಗೆ ಕಾರ್ಡಿನಲ್ಲಿ ರೂ. 60,000 ಬಾಕಿ ಇದೆ, ಬಡ್ಡಿ ತಿಂಗಳಿಗೆ ಶೇ. 3.5 ಎಂದುಕೊಳ್ಳಿರಿ. ಬಡ್ಡಿಯೇ ರೂ. 2,100, ಅದರ ಮೇಲೆ ಶೇ. 18 ಜಿ.ಎಸ್.ಟಿ. ರೂ. 378. ರೂ. 3,000 ತುಂಬಿದರೂ ಅಸಲಿಗೆ ಸಲ್ಲುವುದು ರೂ. 522 ಮಾತ್ರ. ಬಡ್ಡಿ ಶೇ. 1.5ಕ್ಕೆ ಇಳಿದರೆ ಅದೇ ಮೂರು ಸಾವಿರದಲ್ಲಿ ರೂ. 1,938 ಅಸಲಿಗೆ ಹೋಗುತ್ತದೆ. ಈ ವ್ಯತ್ಯಾಸ ಬಲ್ಲವನು ಜಾಣನೇ. ಆದರೆ ಸಾಲ ಸಾಗಿಸುವುದು ಬೇರೆ, ತೀರಿಸುವುದು ಬೇರೆ. ಖಾಲಿಯಾದ ಹಳೆಯ ಕಾರ್ಡನ್ನು ಮತ್ತೆ ತುಂಬಿಸಿದರೆ ಒಂದಿದ್ದದ್ದು ಎರಡಾಗುತ್ತದೆ. ನಮ್ಮ ಹಿರಿಯರು ಇದನ್ನು ಕಂಡವರು. ಹಳೆಯ ಪತ್ರದ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸುತ್ತಿದ್ದ ಪದ್ಧತಿಯಿಂದ ರೈತರ ಹೊಲಗಳು ಹೋದವು. ಪುಣೆ ಜಿಲ್ಲೆಯ ಸುಪೆಯಲ್ಲಿ 1875ರಲ್ಲಿ ರೈತರು ಎದ್ದು ಸಾಲಪತ್ರಗಳನ್ನು ಸುಟ್ಟರು. ಬಳಿಕ ಬಂದ 1879ರ ದಖ್ಖನ್ ರೈತರ ಪರಿಹಾರ ಕಾಯಿದೆಯು ಹೊಸ ಪತ್ರವನ್ನಷ್ಟೇ ನೋಡದೆ ಸಾಲದ ಮೂಲದಿಂದ ಲೆಕ್ಕ ತೆಗೆಯುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟಿತು. ಮೂಲದಿಂದ ಲೆಕ್ಕ ತೆಗೆಯುವ ಆ ಕೆಲಸವನ್ನು ಇಂದು ನಾವೇ ನಮ್ಮ ಮನೆಯಲ್ಲಿ ಕುಳಿತು ಮಾಡಬೇಕು.

ಅರ್ಜಿ ತಿರಸ್ಕೃತವಾದವನ ಎದುರಿಗೆ ಸಾಮಾನ್ಯವಾಗಿ ಮೂರು ಬಾಗಿಲುಗಳು ಕಾಣುತ್ತವೆ. ಒಂದು, ಬೇರೆ ಬ್ಯಾಂಕುಗಳಿಗೆ ಸಾಲಾಗಿ ಅರ್ಜಿ ಹಾಕುವುದು. ಪ್ರತಿಯೊಂದು ಅರ್ಜಿಯ ವಿಚಾರಣೆಯೂ ವರದಿಯಲ್ಲಿ ದಾಖಲಾಗುವುದರಿಂದ ಅಂಕ ಇನ್ನಷ್ಟು ಇಳಿಯುವ ಸಂಭವವೇ ಹೆಚ್ಚು. ಎರಡು, ಖಾಸಗಿ ಬಡ್ಡಿಯವರು. ನೂರಕ್ಕೆ ತಿಂಗಳಿಗೆ ಐದು ಎಂದರೆ ವರ್ಷಕ್ಕೆ ಅರವತ್ತು. ಮಹಾರಾಷ್ಟ್ರದ 2014ರ ಸಾವಕಾರಿ ನಿಯಂತ್ರಣ ಕಾಯಿದೆಯಂತೆ ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದು ಅಪರಾಧವೆಂಬುದನ್ನೂ ತಿಳಿದಿರಬೇಕು.

ಮೂರನೆಯದು ಬಂಧುಗಳ ಸಹಿ. ಇಲ್ಲಿಯೇ ನೀತಿಯ ಗಂಟು ಇರುವುದು. ಬ್ಯಾಂಕು ಬೇಡವೆಂದ ವಿಷಯ ಮುಚ್ಚಿಟ್ಟು, ಪತ್ತಿನ ಸಂಘದ ಸಾಲಕ್ಕೆ ಅಳಿಯನನ್ನೋ ಸೋದರಮಾವನನ್ನೋ ಜಾಮೀನಿಗೆ ಕರೆಯುವುದು ಸರಿಯೇ? 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಆಗಿರುತ್ತದೆ. ಎಲ್ಲವನ್ನೂ ತಿಳಿದು ಸಹಿ ಮಾಡಿದವನು ಉಪಕಾರಿ. ತಿಳಿಯದೆ ಸಹಿ ಮಾಡಿದವನು ಮೋಸ ಹೋದವನು. ಕಾಗದ ಒಂದೇ, ಸಹಿ ಒಂದೇ. ಸಾಲ ಕೇಳಿದವನು ಆಡಿದ ಅಥವಾ ಆಡದೆ ಬಿಟ್ಟ ಒಂದು ಮಾತಿನಿಂದ ಇವೆರಡೂ ಬೇರೆಯಾಗುತ್ತವೆ. ಬ್ಯಾಂಕಿನ ನಿರಾಕರಣೆಯಿಂದ ಹೋಗದ ಮಾನ ಇಲ್ಲಿ ಹೋಗುತ್ತದೆ ಎಂದು ನಮ್ಮ ಅಭಿಪ್ರಾಯ. ಹೆಂಡತಿಯ ಬಂಗಾರಕ್ಕೂ ಇದೇ ನ್ಯಾಯ. ಬಂಗಾರದ ಸಾಲದ ಬಡ್ಡಿ ಸಾಮಾನ್ಯವಾಗಿ ಕಾರ್ಡಿಗಿಂತ ಕಡಿಮೆಯೇ, ಕೆಲವೊಮ್ಮೆ ಅದೇ ಸರಿಯಾದ ದಾರಿ. ಆದರೆ ಪೂರ್ತಿ ಲೆಕ್ಕ ಆಕೆಯ ಮುಂದಿಟ್ಟು ಕೇಳಿದ ಮೇಲೆ.

ನಾಲ್ಕನೆಯ ಬಾಗಿಲೊಂದಿದೆ, ಅದು ಹಳೆಯ ಸಾಲಗಾರ ಬ್ಯಾಂಕಿನದು. ಯಾರಿಂದ ದೂರ ಹೋಗಲು ಯತ್ನಿಸಿದೆವೋ ಅವರ ಬಳಿಗೇ ಮೊದಲು ಹೋಗಬೇಕು. ಕಾರ್ಡಿನ ಉಪಯೋಗ ನಿಲ್ಲಿಸಿ, ಬಾಕಿಯನ್ನು ಕಡಿಮೆ ಬಡ್ಡಿಯ ಮಾಸಿಕ ಕಂತುಗಳಾಗಿ ಮಾಡಿಕೊಡಿರೆಂದು ಬರವಣಿಗೆಯಲ್ಲಿ ಕೇಳಬೇಕು. ಅವರು ಒಪ್ಪಲೇಬೇಕೆಂದಿಲ್ಲ, ಆದರೆ ಹಪ್ತೆ ತಪ್ಪುವ ಮೊದಲು ಬಂದವನ ಮಾತಿಗೆ ತೂಕ ಹೆಚ್ಚು.

ತಿರಸ್ಕರಿಸಿದ ಬ್ಯಾಂಕಿನಿಂದಲೂ ಪಡೆಯುವುದಿದೆ. ಕಾರ್ಡಿನ ಅರ್ಜಿ ತಿರಸ್ಕರಿಸಿದರೆ ನಿರ್ದಿಷ್ಟ ಕಾರಣವನ್ನು ಬರೆದು ತಿಳಿಸಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿದೆ. ನಾಲ್ಕೂ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಬಿಟ್ಟಿಯಾಗಿ ಪಡೆಯುವ ಸೌಲಭ್ಯ 2017ರಿಂದ ಇದೆ. ಪಾಟೀಲ, ಬಿರಾದಾರ ಎಂಬ ಅಡ್ಡಹೆಸರಿನವರು ಊರಿಗೆ ಹತ್ತಾರು ಇರುವ ನಮ್ಮಲ್ಲಿ, ಒಂದು ಕಾಗದದಲ್ಲಿ ಕನ್ನಡ ರೂಪ, ಇನ್ನೊಂದರಲ್ಲಿ ಮರಾಠಿ ರೂಪದ ಹೆಸರಿರುವಾಗ, ಬೇರೆಯವರ ಬಾಕಿ ನಮ್ಮ ಲೆಕ್ಕಕ್ಕೆ ಸೇರಿಲ್ಲವೆಂದು ನೋಡಿಕೊಳ್ಳುವುದು ಅವಶ್ಯ. ತಪ್ಪಿದ್ದರೆ ತಕರಾರು ಸಲ್ಲಿಸಬೇಕು. ಅದು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ ರೂ. 100ರಂತೆ ಪರಿಹಾರ ಕೊಡಬೇಕೆಂದು 2023ರಲ್ಲಿ ಆಜ್ಞೆಯಾಗಿದೆ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನು ಮಾಡುವಂತಿಲ್ಲ ಎಂಬುದು 2022ರ ಇನ್ನೊಂದು ಆಜ್ಞೆ. ಸಾಲಗಾರನಿಗೂ ಹಕ್ಕುಗಳಿವೆ, ಅವನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

'ದಿನವೂ ಫೋನು ಮಾಡಿ ಕಾರ್ಡು ತಗೋ ಎಂದವರೇ ಕಷ್ಟಕಾಲದಲ್ಲಿ ಬೆನ್ನು ತಿರುಗಿಸಿದರಲ್ಲ' ಎಂದು ಯಾರಾದರೂ ಕೇಳಿದರೆ ಆ ಸಿಟ್ಟು ನ್ಯಾಯವಾದದ್ದೇ. ಆಸೆ ಹಚ್ಚುವವರ ಮೇಲೂ ಪಾಪದ ಪಾಲು ಇದೆ. ಆದರೆ ಸಿಟ್ಟು ಮಾಡಿ ಕುಳಿತವನ ಬಡ್ಡಿ ಕುಳಿತುಕೊಳ್ಳುವುದಿಲ್ಲ. ಉಂಡ ಅನ್ನದ, ಉಟ್ಟ ಬಟ್ಟೆಯ ಬೆಲೆಯನ್ನು ನಮ್ಮ ಕಾಯಕದಿಂದಲೇ ತೀರಿಸಬೇಕೆಂಬುದು ಬ್ಯಾಂಕಿಗಾಗಿ ಹೇಳಿದ ಮಾತಲ್ಲ, ನಮಗಾಗಿ ನಾವು ಹೇಳಿಕೊಳ್ಳಬೇಕಾದ ಮಾತು.

ಆದ್ದರಿಂದ ಬಂಧುಗಳೇ, ಅರ್ಜಿ ತಿರುಗಿ ಬಂದ ದಿನ ಸಂಜೆ ಮನೆಮಂದಿಯನ್ನು ಕೂಡಿಸಿ ಒಂದು ಹಾಳೆಯ ಮೇಲೆ ಎಲ್ಲ ಸಾಲಗಳನ್ನು ಬರೆಯಿರಿ: ಯಾರಿಗೆ, ಎಷ್ಟು, ಯಾವ ಬಡ್ಡಿ. ಹೆಚ್ಚು ಬಡ್ಡಿಯದನ್ನು ಮೇಲೆ ಬರೆಯಿರಿ. ಮರುದಿನ ಆ ಹಾಳೆ ಹಿಡಿದುಕೊಂಡೇ ಬ್ಯಾಂಕಿಗೆ ಹೋಗಿರಿ. ಪುಸ್ತಕದಲ್ಲಿಯ ಪತ್ತು ಹಪ್ತೆ ತುಂಬಿದಂತೆ ನಿಧಾನವಾಗಿ ಮರಳಿ ಬರುತ್ತದೆ. ಸುಳ್ಳು ಹೇಳಿ ಕಳೆದುಕೊಂಡ ಬಂಧುವಿನ ನಂಬಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.