ಬೀಗದ ಕೈ ಮತ್ತು ನಂಬಿಕೆ

ಬೀಗದ ಕೈಗೊಂಚಲು ಯಾರ ಸೊಂಟದಲ್ಲಿದೆಯೋ ಅವರೇ ಮನೆಯ ಯಜಮಾನಿ ಎಂಬುದು ನಮ್ಮ ಅಜ್ಜಿಯರ ಕಾಲದ ಲೆಕ್ಕ. ಉಗ್ರಾಣದ ಬೀಗದ ಕೈ ಸಿಗದಿದ್ದರೆ ಸೊಸೆಗೆ ಅವಮಾನ. ಕೊಟ್ಟುಬಿಟ್ಟರೆ ಅತ್ತೆಗೆ ಅಧಿಕಾರ ಹೋಯಿತೆಂಬ ಸಂಕಟ. ಬೀಗದ ಕೈ ಕೊಟ್ಟರೆ ನಂಬಿಕೆ, ಕೊಡದಿದ್ದರೆ ಅಪನಂಬಿಕೆ ಎಂದೇ ನಾವು ತಿಳಿದುಕೊಂಡು ಬಂದಿದ್ದೇವೆ. ಇದು ನಿಜವೇ?

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗಳ ಮಾತು ಕೇಳಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈಗ ಕಂಪನಿಗಳು ತಮ್ಮ ಲೆಕ್ಕಪತ್ರ, ಗ್ರಾಹಕರ ವಿವರಗಳನ್ನು ‘ಕ್ಲೌಡ್’ ಎಂಬ ಬಾಡಿಗೆ ಉಗ್ರಾಣದಲ್ಲಿ ಇಡುತ್ತವೆ. ಹೆಸರು ಮೋಡವಾದರೂ ಇರುವುದು ನೆಲದ ಮೇಲಿನ ದೊಡ್ಡ ಕಟ್ಟಡಗಳ ಯಂತ್ರಗಳಲ್ಲಿ. ಗೂಗಲ್‌ನ ಕ್ಲೌಡ್‌ನಲ್ಲಿ ಮೇಲೆ ಸಂಸ್ಥೆ, ಅದರ ಕೆಳಗೆ ಫೋಲ್ಡರ್‌ಗಳು, ಅವುಗಳೊಳಗೆ ಪ್ರಾಜೆಕ್ಟ್‌ಗಳು. ಮನೆ, ಕೋಣೆ, ಕಪಾಟು ಇದ್ದಂತೆ. ಮೇಲಿನ ಹಂತದಲ್ಲಿ ಕೊಟ್ಟ ಅನುಮತಿ ಕೆಳಗಿನದಕ್ಕೆಲ್ಲ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಒಬ್ಬರಿಗೆ ನೋಡಲು ಮಾತ್ರ, ಇನ್ನೊಬ್ಬರಿಗೆ ತಿದ್ದಲು ಎಂದು ಅಳೆದು ಕೊಡುತ್ತಾರೆ. ತಂಡದ ಮುಖ್ಯಸ್ಥೆಯಾದ ನನ್ನ ಮಗಳಿಗೇ ಗ್ರಾಹಕರ ವಿವರ ತೆರೆಯುವ ಅನುಮತಿ ಇಲ್ಲವಂತೆ.

“ನಿನ್ನನ್ನು ನಂಬುವುದಿಲ್ಲವೇನೇ?” ಎಂದೆ.

“ನನ್ನನ್ನು ನಂಬ್ತಾರಮ್ಮ. ನನ್ನ ಪಾಸ್‌ವರ್ಡ್ ಕದ್ದವನನ್ನೂ ನಂಬಬೇಕಾ?” ಎಂದಳು.

ಮಾತು ಹೊಸದಲ್ಲ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಬೇಕೆಂದು ಅಮೆರಿಕದ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲೇ ಬರೆದರು. ಅದನ್ನು ಮರೆತರೆ ಏನಾಗುತ್ತದೆಂಬುದು 2019ರಲ್ಲಿ ಕಂಡಿತು. ಕ್ಯಾಪಿಟಲ್ ಒನ್ ಎಂಬ ಬ್ಯಾಂಕು ಕ್ಲೌಡ್‌ನಲ್ಲಿಟ್ಟಿದ್ದ ವಿವರಗಳು, ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರವು, ಕಳ್ಳತನವಾದವು. ದಾರಿಯಾದದ್ದು ಕಾವಲಿಗೆಂದೇ ಇಟ್ಟಿದ್ದ ಒಂದು ತಂತ್ರಾಂಶ. ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅನುಮತಿಯಿತ್ತು. ಬೇಲಿಯ ಕೈಯಲ್ಲಿ ಕಣಜದ ಬೀಗದ ಕೈ ಇದ್ದಂತಾಯಿತು.

ಇನ್ನೊಂದು ಮಾತೂ ಇದೆ. ಮನೆಯಲ್ಲಿ ಒಡವೆ ಕಾಣದಾದರೆ ಮೊದಲ ಅನುಮಾನ ಕೆಲಸದವಳ ಮೇಲೆ. ಕಪಾಟು ತೆರೆಯುವುದು ಅವಳಿಂದ ಸಾಧ್ಯವೇ ಇರಲಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದರೆ ಆ ಬಡ ಜೀವಕ್ಕೆ ಅದೇ ರಕ್ಷೆ. ಬೀಗದ ಕೈ ಇಲ್ಲದಿರುವುದೂ ಒಮ್ಮೊಮ್ಮೆ ಮಾನ ಕಾಯುತ್ತದೆ.

ಹಾಗೆಂದು ಇಷ್ಟಕ್ಕೇ ಒಪ್ಪಿಬಿಡಲು ನನ್ನ ಮನಸ್ಸು ಬರುವುದಿಲ್ಲ. ‘ಬೇಕಾದಷ್ಟೇ’ ಎಂಬ ಮಾತನ್ನು ನಾವು ಹೆಂಗಸರು ಬಹಳ ಕೇಳಿದ್ದೇವೆ. ತಿಂಗಳಿಡೀ ಸಂಸಾರ ತೂಗಿಸುವ ಹೊಣೆ ಅವಳದು, ಬ್ಯಾಂಕಿನ ಪಾಸ್‌ಬುಕ್ಕು, ಎಟಿಎಂ ಕಾರ್ಡು ಅವರ ಕೈಯಲ್ಲಿ. ಮಕ್ಕಳ ಶುಲ್ಕಕ್ಕೂ ಕೈಚಾಚಬೇಕು. ಕೇಳಿದರೆ, “ನಿನಗ್ಯಾಕೆ ಅದೆಲ್ಲ ತಲೆನೋವು?” ಎಂಬ ಉತ್ತರ. ಆದರೆ ಆ ನಿಯಮಕ್ಕೆ ಎರಡು ಮಗ್ಗುಲಿದೆ. ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕೊಡಬಾರದು. ಕಡಿಮೆ ಕೊಟ್ಟರೆ ಕೆಲಸವೇ ಸಾಗದು. ಹೊಣೆ ಹೊರಿಸಿ ಬೀಗದ ಕೈ ಮುಚ್ಚಿಟ್ಟುಕೊಳ್ಳುವುದನ್ನು ಎಚ್ಚರಿಕೆ ಎನ್ನಲಾಗದು, ಅದು ದಬ್ಬಾಳಿಕೆ.

ಹಾಗಾದರೆ ಎರಡನ್ನೂ ಬೇರ್ಪಡಿಸುವುದು ಹೇಗೆ? ಮಿತಿ ಹಾಕಿದವರೂ ಮಿತಿಗೆ ಒಳಪಟ್ಟಿದ್ದಾರೆಯೇ ಎಂದು ನೋಡಬೇಕು. ಗೂಗಲ್‌ನ ಕ್ಲೌಡ್‌ನಲ್ಲಿ ಅನುಮತಿ ಹಂಚುವ ಆಡಳಿತಗಾರ ಮಾಡಿದ ಬದಲಾವಣೆಗಳೂ ದಾಖಲಾಗುತ್ತವೆ. ಆ ದಾಖಲೆಯನ್ನು ಅವನೂ ನಿಲ್ಲಿಸುವಂತಿಲ್ಲ. 400 ದಿನ ಅದು ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಹೆಂಡತಿ ತಂದ ಸೊಪ್ಪಿಗೂ ಲೆಕ್ಕವುಂಟು, ಯಜಮಾನರು ಕೊಟ್ಟ ಕೈಸಾಲಕ್ಕೆ ಲೆಕ್ಕವಿಲ್ಲ.

ಎಲ್ಲ ಬೀಗದ ಕೈಗಳೂ ನಮಗೇ ಬೇಕೆಂದು ಹಟ ಹಿಡಿಯುವ ಅಗತ್ಯವಿಲ್ಲ, ಗೆಳತಿಯರೇ. ನಾವು ಹೊತ್ತ ಹೊಣೆಯ ಬೀಗದ ಕೈ ನಮ್ಮಲ್ಲಿರಲಿ, ಲೆಕ್ಕ ಇಬ್ಬರಿಗೂ ಒಂದೇ ಇರಲಿ. ನಮ್ಮ ಸೊಸೆಯಂದಿರಿಗೂ ಇದೇ ನ್ಯಾಯ ಸಲ್ಲಬೇಕು.